ಪ್ರೋಟಿಯಾ ಹೂಗಿಡ: ಬೇಸಾಯ ಮತ್ತು ಆರೈಕೆ

ಪರಿಚಯ

ಪ್ರೋಟಿಯಾ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ನಿತ್ಯಹರಿದ್ವರ್ಣ ಪೊದೆ. ಇದರ ಪ್ರಭೇದಗಳಲ್ಲಿ ಹೆಸರುವಾಸಿಯಾದ ರಾಜ ಪ್ರೋಟಿಯಾ (ಪ್ರೋಟಿಯಾ ಸೈನರಾಯ್ಡಿಸ್) ಆ ದೇಶದ ರಾಷ್ಟ್ರೀಯ ಪುಷ್ಪ. ನಾವು ಒಂದು ಹೂವೆಂದು ಕಾಣುವುದು ವಾಸ್ತವವಾಗಿ ಅನೇಕ ಸಣ್ಣ ಹೂಗಳ ಗೊಂಚಲು. ಸುತ್ತಲಿನ ಬಣ್ಣದ ಎಸಳುಗಳು ದಳಗಳಲ್ಲ, ಪುಷ್ಪಪತ್ರಕಗಳು. ರಾಜ ಪ್ರೋಟಿಯಾದ ಗೊಂಚಲು 12ರಿಂದ 30 ಸೆಂ.ಮೀ. ಅಗಲವಿರುತ್ತದೆ. ಕತ್ತರಿಸಿದ ಹೂವಾಗಿಯೂ ಒಣಹೂವಾಗಿಯೂ ಬಳಕೆಯಲ್ಲಿರುವುದರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಸ್ರೇಲ್, ಪೋರ್ಚುಗಲ್ ಹಾಗೂ ಹವಾಯಿಯಲ್ಲಿಯೂ ಇದನ್ನು ಬೆಳೆಯುತ್ತಾರೆ.

ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್ ಸಹ ಇದೇ ಪ್ರೋಟಿಯೇಸಿ ಕುಟುಂಬಕ್ಕೆ ಸೇರಿದೆ. ಸಿಲ್ವರ್ ಓಕ್ ಸೊಂಪಾಗಿ ಬೆಳೆಯುವ ಜಾಗದಲ್ಲಿ ಪ್ರೋಟಿಯಾ ಕೂಡ ಬರುತ್ತದೆ ಎಂದು ಭಾವಿಸುವುದು ತಪ್ಪು. ಸಿಲ್ವರ್ ಓಕ್ ಬೇಸಿಗೆಯಲ್ಲಿ ಮಳೆ ಬೀಳುವ ಪೂರ್ವ ಆಸ್ಟ್ರೇಲಿಯಾದ ಮರ. ಪ್ರೋಟಿಯಾದ ತವರಿನ ಸ್ವಭಾವವೇ ಬೇರೆ. ಆದುದರಿಂದ ಈ ಲೇಖನವನ್ನು ಬೆಳೆ ಶಿಫಾರಸು ಎಂದು ಪರಿಗಣಿಸದೆ, ಸಸಿ ಕೊಳ್ಳುವ ಮುನ್ನ ತಿಳಿದಿರಬೇಕಾದ ಮಾಹಿತಿ ಎಂದು ಓದುವುದು ಸೂಕ್ತ.

ಹವಾಗುಣ ಮತ್ತು ಮಣ್ಣು

ನೈಋತ್ಯ ಕೇಪ್‌ನಲ್ಲಿ ಮಳೆ ಮುಖ್ಯವಾಗಿ ಚಳಿಗಾಲದಲ್ಲಿ ಬೀಳುತ್ತದೆ; ಬೇಸಿಗೆ ಒಣಗಿರುತ್ತದೆ. ಅಂದರೆ ಬೇರಿನ ಬಳಿ ತೇವ ಹೆಚ್ಚಿರುವಾಗ ಮಣ್ಣು ತಣ್ಣಗಿರುತ್ತದೆ, ಮಣ್ಣು ಬಿಸಿಯಾದಾಗ ತೇವ ಕಡಿಮೆ. ನಮ್ಮ ಮುಂಗಾರಿನಲ್ಲಿ ತೇವ ಮತ್ತು ಉಷ್ಣತೆ ಒಟ್ಟಿಗೆ ಬರುತ್ತವೆ. ಬೇರು ಕೊಳೆ ರೋಗಕ್ಕೆ ಇದೇ ಅನುಕೂಲ ಪರಿಸ್ಥಿತಿ. ಮಲೆನಾಡಿನ ಹೆಚ್ಚು ಮಳೆಯ ಭಾಗಗಳನ್ನು ಈ ಕಾರಣದಿಂದಲೇ ಕೈಬಿಡಬೇಕಾಗುತ್ತದೆ.

ಪೂರ್ಣ ಬಿಸಿಲು, ನಿರಂತರ ಗಾಳಿಯಾಟ, ನೀರು ಕ್ಷಣಮಾತ್ರವೂ ನಿಲ್ಲದ ಇಳಿಜಾರು ಅತ್ಯವಶ್ಯ. ಮರಳು ಅಥವಾ ಗರಸು ಮಿಶ್ರಿತ ಆಮ್ಲೀಯ ಮಣ್ಣು, ರಸಸಾರ 4.5ರಿಂದ 6ರವರೆಗೆ ಇರಬೇಕು. ಕಪ್ಪು ಎರೆಭೂಮಿ ಸೂಕ್ತವಲ್ಲ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರು ಕ್ರಮೇಣ ರಸಸಾರವನ್ನು ಏರಿಸುವುದರಿಂದ ಅಲ್ಲಿಯೂ ತೊಂದರೆಯಿದೆ. ಸುಣ್ಣ ಹಾಕಲೇಬಾರದು.

ರಂಜಕ: ಮುಖ್ಯ ಎಚ್ಚರಿಕೆ

ಕೇಪ್‌ನ ಬಡ ಮಣ್ಣಿನಲ್ಲಿ ರಂಜಕ ಅತ್ಯಲ್ಪ. ಅದನ್ನು ಹೀರಲು ಈ ಗಿಡವು ಮೇಲ್ಮಣ್ಣಿನಲ್ಲಿ ಬಾಟಲಿ ತೊಳೆಯುವ ಬ್ರಷ್‌ನಂತೆ ಒತ್ತೊತ್ತಾದ ಗೊಂಚಲು ಬೇರುಗಳನ್ನು ಬೆಳೆಸುತ್ತದೆ. ಈ ಬೇರುಗಳು ಸಿಟ್ರೇಟ್‌ನಂತಹ ಆಮ್ಲಗಳನ್ನು ಸ್ರವಿಸಿ, ಮಣ್ಣಿಗೆ ಕಚ್ಚಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಪ್ರೋಟಿಯಾದ ಅನೇಕ ಬಗೆಗಳಿಗೆ ಬೇಕಾದಷ್ಟಕ್ಕೆ ಹೀರುವಿಕೆಯನ್ನು ನಿಲ್ಲಿಸುವ ಸಾಮರ್ಥ್ಯ ಸಾಲದು. ಗೊಬ್ಬರದ ರಂಜಕ ದೊರೆತಾಗ ಅದು ಎಲೆಗಳಲ್ಲಿ ಸಂಗ್ರಹವಾಗಿ ವಿಷವಾಗುತ್ತದೆ. ಎಳೆ ಎಲೆಗಳು ಹಳದಿಯಾಗುತ್ತವೆ, ಬಲಿತ ಎಲೆಗಳ ಅಂಚು ಸುಡುತ್ತದೆ, ಕೊನೆಗೆ ಗಿಡ ಒಣಗುತ್ತದೆ.

ಗಿಡ ಬಾಡಿದರೆ ಇನ್ನಷ್ಟು ಗೊಬ್ಬರ ಕೊಡುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಆ ಔದಾರ್ಯವೇ ಗಿಡವನ್ನು ಕೊಲ್ಲುತ್ತದೆ. ಡಿಎಪಿ, ಸೂಪರ್ ಫಾಸ್ಫೇಟ್, ಶಿಲಾ ರಂಜಕ, 17:17:17 ಮತ್ತು 19:19:19ರಂತಹ ಸಂಯುಕ್ತ ಗೊಬ್ಬರಗಳು, ಮೂಳೆ ಪುಡಿ, ಕೋಳಿ ಗೊಬ್ಬರ ಇವೆಲ್ಲವೂ ನಿಷಿದ್ಧ. ನಾಟಿ ಗುಂಡಿಗೆ ಕೊಟ್ಟಿಗೆ ಗೊಬ್ಬರವನ್ನೂ ಹಾಕಬಾರದು.

ಹಿಂದಿನ ಬೆಳೆಗೆ ಹಾಕಿದ ರಂಜಕವು ಸಾರಜನಕದಂತೆ ಮಳೆಯಲ್ಲಿ ಬಸಿದುಹೋಗದೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಆಲೂಗಡ್ಡೆ, ಶುಂಠಿ, ತರಕಾರಿ ಬೆಳೆದ ತಾಕುಗಳನ್ನು ಹಾಗೂ ಶಿಲಾ ರಂಜಕ ಕೊಟ್ಟ ಹಳೆಯ ಕಾಫಿ ತಾಕುಗಳನ್ನು ಆರಿಸಬಾರದು. ಮಣ್ಣು ಪರೀಕ್ಷೆ ಕಡ್ಡಾಯ. ಆಮ್ಲೀಯ ಮಣ್ಣಾದ್ದರಿಂದ ಬ್ರೇ ವಿಧಾನದಲ್ಲಿ ರಂಜಕವನ್ನು ಅಳೆಯಲು ಕೇಳಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಒಂದು ಅಂಶ ಗಮನಿಸಬೇಕು: ಮಣ್ಣು ಆರೋಗ್ಯ ಚೀಟಿಯಲ್ಲಿ ರಂಜಕ ‘ಕಡಿಮೆ’ ಎಂದು ಬಂದರೆ ಈ ಬೆಳೆಗೆ ಅದೇ ಒಳ್ಳೆಯ ಸುದ್ದಿ. ಚೀಟಿಯಲ್ಲಿ ಮುದ್ರಿತವಾಗಿರುವ ಗೊಬ್ಬರದ ಪ್ರಮಾಣ ಇದಕ್ಕೆ ಅನ್ವಯಿಸುವುದಿಲ್ಲ.

ಎಲೆಗಳು ಹಸಿರಾಗಿದ್ದು ಚಿಗುರು ಬರುತ್ತಿದ್ದರೆ ಮೊದಲ ವರ್ಷ ಏನನ್ನೂ ಕೊಡಬೇಕಾಗಿಲ್ಲ. ಬೆಳವಣಿಗೆ ಕುಂಠಿತವಾಗಿದ್ದರೆ ಮಾತ್ರ ಅಮೋನಿಯಂ ಸಲ್ಫೇಟನ್ನು ಅತಿ ತೆಳುವಾದ ದ್ರಾವಣವಾಗಿ, ಮೊದಲು ಎರಡು ಗಿಡಗಳಿಗೆ ಕೊಟ್ಟು ನೋಡಿ ಮುಂದುವರಿಯಬೇಕು.

ಸಸ್ಯಾಭಿವೃದ್ಧಿ ಮತ್ತು ನಾಟಿ

ಬೀಜದಿಂದ ಬೆಳೆಸಿದ ರಾಜ ಪ್ರೋಟಿಯಾ ಹೂ ಬಿಡಲು 4ರಿಂದ 5 ವರ್ಷ ಬೇಕು. ಹೊಗೆಯ ಉಪಚಾರದಿಂದ ಮೊಳಕೆ ಪ್ರಮಾಣ ಹೆಚ್ಚುತ್ತದೆ. ಕಾಳ್ಗಿಚ್ಚಿನ ನಂತರ ಮರುಹುಟ್ಟುವ ನೆಲದ ಸಸ್ಯವಾದ್ದರಿಂದ ಇದು ಸಹಜವೇ. ವಾಣಿಜ್ಯ ಬೇಸಾಯಕ್ಕೆ ಅರೆಬಲಿತ ಕಾಂಡದ ತುಂಡುಗಳೇ ಲೇಸು. ತುಂಡುಗಳ ಬುಡವನ್ನು ಇಂಡೋಲ್ ಬ್ಯೂಟರಿಕ್ ಆಮ್ಲದಲ್ಲಿ ಅದ್ದಿ, ಚೆನ್ನಾಗಿ ನೀರು ಬಸಿಯುವ ಮಾಧ್ಯಮದಲ್ಲಿ ನೆಡಬೇಕು.

ಏರುಮಡಿಗಳ ಮೇಲೆ ಗಿಡದಿಂದ ಗಿಡಕ್ಕೆ 1 ಮೀ., ಸಾಲಿನಿಂದ ಸಾಲಿಗೆ 3ರಿಂದ 4 ಮೀ. ಅಂತರವಿರಲಿ. ಬೇರುಗಳು ಮೇಲ್ಪದರದಲ್ಲಿಯೇ ಹರಡುವುದರಿಂದ ಬುಡದ ಸುತ್ತ ಅಗೆಯುವುದು, ಕುಂಟೆ ಹೊಡೆಯುವುದು ಬೇಡ. ಕಳೆಯನ್ನು ಕತ್ತರಿಸಿ, ಮರದ ತೊಗಟೆ ಅಥವಾ ಒಣ ತರಗೆಲೆಯ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹರಡಬೇಕು. ಮೊದಲ ಎರಡು ಬೇಸಿಗೆಗಳಲ್ಲಿ ಹನಿ ನೀರಾವರಿ ಅಗತ್ಯ. ಎಲೆಗಳ ಮೇಲೆ ನೀರು ಸಿಂಪಡಿಸಬಾರದು.

ಬೇರು ಕೊಳೆ

ಫೈಟಾಫ್ತೊರ ಸಿನ್ನಮೊಮಿ ಎಂಬ ರೋಗಾಣು ಇದರ ಪ್ರಬಲ ಶತ್ರು. ಕಾಳುಮೆಣಸಿನ ಶೀಘ್ರ ಸೊರಗು ರೋಗವನ್ನು ತರುವುದು ಇದೇ ಕುಲದ ಮತ್ತೊಂದು ಪ್ರಭೇದ. ಬೆಣ್ಣೆಹಣ್ಣಿನ ಬೇರನ್ನು ಕೊಳೆಸುವುದೂ ಸಿನ್ನಮೊಮಿಯೇ; ಆದುದರಿಂದ ಬೆಣ್ಣೆಹಣ್ಣಿನ ಮರ ಈ ರೋಗದಿಂದ ಸತ್ತ ಜಾಗದಲ್ಲಿ ಪ್ರೋಟಿಯಾ ನೆಡಬಾರದು. ಗಿಡ ಬಾಡಿದ ಮೇಲೆ ಔಷಧಿಯಿಂದ ಉಳಿಸುವ ಸಾಧ್ಯತೆ ಬಹಳ ಕಡಿಮೆ. ಅಂತಹ ಗಿಡವನ್ನು ಬೇರುಸಹಿತ ತೆಗೆದು ಸುಡಬೇಕು. ಅಲ್ಲಿ ಬಳಸಿದ ಗುದ್ದಲಿ, ಚಪ್ಪಲಿಗಳ ಮಣ್ಣನ್ನು ತೊಳೆದ ಮೇಲೆಯೇ ಬೇರೆ ಸಾಲಿಗೆ ಹೋಗಬೇಕು.

ಸವರುವಿಕೆ ಮತ್ತು ಕೊಯ್ಲು

ರಾಜ ಪ್ರೋಟಿಯಾದ ಬುಡದಲ್ಲಿ ನೆಲದೊಳಗೆ ಮರದಂತಹ ಗಡ್ಡೆಯಿದ್ದು, ಅದರ ಸುಪ್ತ ಮೊಗ್ಗುಗಳಿಂದ ಹೊಸ ಕಾಂಡಗಳು ಬರುತ್ತವೆ. ಇದನ್ನು ತಗ್ಗಾಗಿ ಕತ್ತರಿಸಬಹುದು. ಈ ಗಡ್ಡೆಯಿಲ್ಲದ ಪ್ರಭೇದಗಳಲ್ಲಿ ಹಸಿರು ಎಲೆಗಳಿರುವ ಭಾಗವನ್ನು ಉಳಿಸಿಯೇ ಕತ್ತರಿಸಬೇಕು, ಎಲೆಯಿಲ್ಲದ ಹಳೆಯ ಕಾಂಡ ಮತ್ತೆ ಚಿಗುರುವುದಿಲ್ಲ.

ಪುಷ್ಪಪತ್ರಕಗಳು ಬಿಚ್ಚಿಕೊಳ್ಳಲು ಆರಂಭಿಸಿದಾಗ, ಬೆಳಗಿನ ತಂಪಿನಲ್ಲಿ ಕೊಯ್ಲು ಮಾಡಬೇಕು. ಕೊಯ್ಲಿನ ನಂತರದ ದೊಡ್ಡ ನಷ್ಟವೆಂದರೆ ಎಲೆ ಕಪ್ಪಾಗುವಿಕೆ. ಹೂಗೊಂಚಲು ಎಲೆಗಳಲ್ಲಿನ ಸಕ್ಕರೆಯನ್ನು ಸೆಳೆದುಕೊಳ್ಳುವುದೇ ಇದರ ಮುಖ್ಯ ಕಾರಣ. ಕೊಯ್ದ ಕೂಡಲೇ ಕಾಂಡಗಳನ್ನು ನೀರಿನಲ್ಲಿಟ್ಟು, ಬೇಗನೆ 2ರಿಂದ 5 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಬೇಕು. ಶೀತಲ ಕೊಠಡಿಯಿಂದ ಹೊರಬಂದ ಹೂಗಳನ್ನು ಕತ್ತಲೆಯಲ್ಲಿ ಇಡದೆ ಬೆಳಕಿನಲ್ಲಿಟ್ಟರೆ ಎಲೆಗಳು ಹೆಚ್ಚು ದಿನ ಹಸಿರಾಗಿ ಉಳಿಯುತ್ತವೆ.