ತಕ್ಕಡಿ ಕಾಣದ ಕೂಸು

ನಮ್ಮ ದಂಡೋತಿಯಲ್ಲಿ, ಆಯಿಯ ಕಾಲಕ್ಕೆ, ತೊಗರಿ ತೂಗುವ ತಕ್ಕಡಿಯಿತ್ತು, ಜೋಳ ಅಳೆಯುವ ಸೇರಿತ್ತು. ಹುಟ್ಟಿದ ಕೂಸಿಗೆ ಮಾತ್ರ ಸೂಲಗಿತ್ತಿಯ ಕಣ್ಣಳತೆಯೇ ಲೆಕ್ಕ. “ನಿಮ್ಮವ್ವ ಹುಟ್ಟಿದಾಗ ಬೊಗಸ್ಯಾಗ ಹಿಡಿಯುವಷ್ಟಿದ್ದಳು” ಎಂದು ಆಯಿ ಹೇಳುತ್ತಿದ್ದಳು. ಹೇಳುವಾಗ ಆಕೆಗೆ ಹೆಮ್ಮೆಯೇ. “ಬಸುರಿ ಕಮ್ಮಿ ಉಂಡ್ರ ಕೂಸು ಸಣ್ಣದಿರ್ತದ, ಹೆರಿಗಿ ಹಗುರಾಗ್ತದ” ಎಂಬುದು ಆಕೆ ತನ್ನ ಅತ್ತೆಯಿಂದ ಕಲಿತ ಪಾಠ.

ಆ ಬೊಗಸೆಯ ಕೂಸು, ನನ್ನ ಅವ್ವ, ಐವತ್ತೆರಡನೆಯ ವಯಸ್ಸಿಗೆ ಎದೆನೋವೆಂದು ಮಲಗಿದವಳು ಏಳಲಿಲ್ಲ. ಅಂದಿನಿಂದ ಹೃದಯದ ಕಾಯಿಲೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ಸಿಕ್ಕಿದ್ದು ಮೈಸೂರಿನ ಒಂದು ಆಸ್ಪತ್ರೆಯ ಕಥೆ.

1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ.

ಅತ್ತ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಹರ್ಟ್‌ಫರ್ಡ್‌ಶೈರ್‌ನ ಹಳೆಯ ಜನನ ದಾಖಲೆಗಳನ್ನು ಕೆದಕಿದರು. ಹುಟ್ಟುವಾಗ ಹಗುರವಾಗಿದ್ದ ಗಂಡಸರಲ್ಲಿ ಹೃದಯರೋಗದ ಸಾವು ಹೆಚ್ಚೆಂದು 1989ರಲ್ಲಿ ಬರೆದರು. ಇದು ನಮ್ಮ ದೇಶದಲ್ಲೂ ನಿಜವೇ? ಬಾರ್ಕರ್ ಜೊತೆಗಾರರಾದ ಕ್ಲಾಡಿಯಾ ಸ್ಟೈನ್, ಕೆರೋಲಿನ್ ಫಾಲ್, ಕುಮಾರನ್ ಮೊದಲಾದವರು ಉತ್ತರ ಹುಡುಕಿದ್ದು ಮೈಸೂರಿನ ಆ ಕಡತಗಳಲ್ಲಿ. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯರೋಗ. ತೂಕ ಹೆಚ್ಚಿದಂತೆ ಅದು ಇಳಿದು, ಚೆನ್ನಾಗಿ ತೂಗಿದವರಲ್ಲಿ ಬರೀ 3. ತಾಯಿಯೂ ಬಡಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಹೊಟ್ಟೆಯೊಳಗೆ ಪೋಷಣೆ ಸಾಲದಾದಾಗ ಕೂಸು ಇದ್ದುದರಲ್ಲೇ ಮಿದುಳನ್ನು ಕಾಪಾಡಿಕೊಂಡು ಉಳಿದ ಅಂಗಗಳಿಗೆ ಕಮ್ಮಿ ಮಾಡುತ್ತದೆ, ಅದರ ಬೆಲೆ ಮುಂದೆ ತೆರಬೇಕಾಗುತ್ತದೆ ಎಂಬುದು ಬಾರ್ಕರ್ ವಾದ. ಮನೆಯಲ್ಲಿ ಹಿಟ್ಟು ಕಮ್ಮಿಯಿದ್ದಾಗ ನಾವು ಮಾಡುವುದೂ ಅದನ್ನೇ ಅಲ್ಲವೇ?

ಹಾಗೆಂದು ಎಲ್ಲವನ್ನೂ ತಾಯಿಯ ಊಟದ ಮೇಲೆ ಹಾಕಬಾರದು. ರಕ್ತದೊತ್ತಡ, ರಕ್ತಹೀನತೆ, ಮಾಸಿನ ದೋಷ, ಇವುಗಳಿಂದಲೂ ಕೂಸಿನ ಬೆಳವಣಿಗೆ ಕುಂದುತ್ತದೆ. ದಿನ ತುಂಬದೆ ಹುಟ್ಟಿದ್ದಕ್ಕೂ ಕೂಸು ಸಣ್ಣದಿರಬಹುದು. ಊಟದ ಮಾತಿಗೆ ಬಂದರೂ, ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಬಸುರಿಯನ್ನು ದೂರಿ ಏನು ಫಲ? ತಾಟಿಗೆ ನೀಡುವವರು ಬೇರೆಯೇ ಇರುತ್ತಾರೆ.

ಅವ್ವನ ಸಾವಿಗೆ ಅದೇ ಕಾರಣವೆಂದು ನಾನು ಹೇಳಲಾರೆ. ಆಕೆಯ ತೂಕವನ್ನು ಯಾರೂ ಬರೆದಿಡಲಿಲ್ಲ. ಮೈಸೂರಿನ ಕಡತದಲ್ಲಿ ಎಷ್ಟೋ ಅವ್ವಂದಿರ ಚರಿತ್ರೆ ಉಳಿಯಿತು; ಕಾಗಿಣಾ ದಂಡೆಯ ನಮ್ಮವರದು ಆಯಿಯ ಬೊಗಸೆಯಲ್ಲೇ ಸೋರಿಹೋಯಿತು.

ಈಗ ನಮ್ಮ ಸೊಸೆ ಬಸುರಿ. ಆಕೆಯ ತಾಯಿ ಕಾರ್ಡಿನಲ್ಲಿ ತೂಕ ಬರೆದಿದ್ದಾರೆ. ನಾನೂ ಕನ್ನಡಕ ಹಾಕಿಕೊಂಡು ಓದುತ್ತೇನೆ. ನಮ್ಮ ಮನೆಯಲ್ಲಿ ಈಗ ಬಿಸಿ ರೊಟ್ಟಿಯ ಮೊದಲ ತಾಟು ಆಕೆಯದು.