ಎದೆನೋವು ಬಂದರೆ ಮೊದಲು ಎಲ್ಲಿಗೆ ಹೋಗಬೇಕು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿಗೆ ಪೂರ್ತಿ ಮಾಹಿತಿ

ಹಾಸನ: 2025ರ ಮೇ ಕೊನೆಯಿಂದ ಜುಲೈವರೆಗೆ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಟೀ ಅಂಗಡಿ, ಬಸ್ ಸ್ಟ್ಯಾಂಡ್, ಹಾಲಿನ ಡೇರಿ ಎಲ್ಲಾ ಕಡೆ "ಇವತ್ತು ಯಾರಿಗೆ ಹಾರ್ಟ್ ಅಟ್ಯಾಕ್ ಆಯ್ತಂತೆ?" ಅನ್ನೋದೇ ಪ್ರಶ್ನೆ. ಟಿವಿಗಳಲ್ಲಿ ಸಾವಿನ ಲೆಕ್ಕ ದಿನಾ ಏರುತ್ತಿತ್ತು. ಹೆದರಿದ ಜನ ಏನೂ ತೊಂದರೆ ಇಲ್ಲದಿದ್ದರೂ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಕ್ಯೂ ನಿಂತರು.

ಈಗ ಆ ಗಾಬರಿ ತಣ್ಣಗಾಗಿದೆ, ಆದರೆ ಎದೆನೋವು ಬರೋದು ನಿಂತಿಲ್ಲ. ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಿಗೋ ಎದೆ ಹಿಡಿದುಕೊಂಡರೆ ಮೊದಲು ಎಲ್ಲಿಗೆ ಓಡಬೇಕು ಅನ್ನೋದು ಇನ್ನೂ ಬಹಳ ಮನೆಗಳಿಗೆ ಗೊತ್ತಿಲ್ಲ. ಒಂದೇ ಮಾತಲ್ಲಿ ಹೇಳೋದಾದರೆ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಆಸ್ಪತ್ರೆ ಆಮೇಲೆ. ಯಾಕೆ ಅಂತ ಮುಂದೆ ಓದಿ.

ತನಿಖೆಯಲ್ಲಿ ಏನು ಗೊತ್ತಾಯಿತು?

ಸಾವಿನ ಸುದ್ದಿಗಳು ಹೆಚ್ಚಾದಾಗ ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಹಾಸನ ಜಿಲ್ಲೆಯ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಸಾವಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ ಕೆಲವು ಖಚಿತವಾಗಿ ಹೃದಯದ ಕಾಯಿಲೆಯಿಂದ ಆದ ಸಾವು, ಇನ್ನು ಕೆಲವು ಹೃದಯದಿಂದಲೇ ಇರಬಹುದು ಅನ್ನುವಂಥವು. ಹಾಸನದಲ್ಲಿ ಮಾತ್ರ ಏನೋ ವಿಚಿತ್ರ ಏರಿಕೆ ಆಗಿದೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ.

ಆದರೆ ನೆಮ್ಮದಿಯಾಗಿ ಕೂರುವ ವರದಿಯೂ ಅದಲ್ಲ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 45ರ ಒಳಗಿನವರು. ಬಹುತೇಕರಿಗೆ ಶುಗರ್, ಬಿಪಿ, ಸಿಗರೇಟು, ಕುಡಿತ, ಮನೆತನದಲ್ಲಿ ಹೃದಯ ಕಾಯಿಲೆ ಇವುಗಳಲ್ಲಿ ಒಂದಾದರೂ ಇತ್ತು. ಆಟೋ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟು ಸಂಖ್ಯೆಯಲ್ಲಿದ್ದರು. ಹೊತ್ತು ಗೊತ್ತಿಲ್ಲದ ಊಟ, ನಿದ್ದೆ ಕಮ್ಮಿ, ಕೂತಲ್ಲೇ ಕೆಲಸ. ಇದು ಡ್ರೈವರ್‌ಗಳ ಕಥೆ ಮಾತ್ರವಲ್ಲ, ಬೆಳಿಗ್ಗೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಅಂಗಡಿಯವರ ಕಥೆಯೂ ಹೌದು.

ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಅನ್ನುವ ಮಾತು ವಾಟ್ಸಾಪ್‌ನಲ್ಲಿ ಬಹಳ ಓಡಾಡಿತು. ಲಸಿಕೆಗೂ ದಿಢೀರ್ ಸಾವಿಗೂ ಸಂಬಂಧ ಕಂಡುಬಂದಿಲ್ಲ ಎಂದು ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಆಧರಿಸಿ ಕೇಂದ್ರ ಆರೋಗ್ಯ ಸಚಿವಾಲಯ 2025ರ ಜುಲೈನಲ್ಲಿ ಸ್ಪಷ್ಟಪಡಿಸಿತು. ರಾಜ್ಯದ ಸಮಿತಿ ಕೂಡ ಲಸಿಕೆಯನ್ನು ಕಾರಣ ಅನ್ನಲಿಲ್ಲ.

ಒಳಗೆ ಏನಾಗುತ್ತೆ?

ಹೃದಯವೂ ಒಂದು ಮಾಂಸಖಂಡ. ಅದಕ್ಕೂ ರಕ್ತ ಬೇಕು. ಆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿ ದಾರಿ ಮುಚ್ಚಿದರೆ ಅದೇ ಹಾರ್ಟ್ ಅಟ್ಯಾಕ್. ಹೊಲಕ್ಕೆ ಹೋಗುವ ನಾಲೆಗೆ ಕಸ ಸಿಕ್ಕಿಕೊಂಡ ಹಾಗೆ. ತೂಬು ಕಟ್ಟಿದ ಕೂಡಲೇ ಬೆಳೆ ಒಣಗಲ್ಲ, ಹೊತ್ತು ಕಳೆದಂತೆ ಒಂದೊಂದೇ ಮಡಿ ಒಣಗುತ್ತದೆ. ಆದರೆ ಬೆಳೆಗೆ ದಿನಗಳ ಸಮಯ ಇರುತ್ತೆ, ಹೃದಯಕ್ಕೆ ಇರೋದು ನಿಮಿಷ, ಗಂಟೆ ಮಾತ್ರ. ಒಮ್ಮೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ.

ಹೆಪ್ಪು ಕರಗಿಸುವ ಇಂಜೆಕ್ಷನ್ ನೋವು ಶುರುವಾಗಿ 12 ಗಂಟೆಯೊಳಗೆ ಕೊಟ್ಟರೆ ಪ್ರಯೋಜನ ಇದೆ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಆಗುವ ಪ್ರಯೋಜನವೇ ಬೇರೆ. ಡಾಕ್ಟರುಗಳು "ಗೋಲ್ಡನ್ ಅವರ್" ಅನ್ನೋದು ಈ ಮೊದಲ ಗಂಟೆಗೇ.

"ಗ್ಯಾಸ್ ಇರಬೇಕು ಬಿಡು" ಅನ್ನಬೇಡಿ

ಆ ಮೊದಲ ಗಂಟೆ ಬಹಳ ಸಲ ಮನೆಯಲ್ಲೇ ಕಳೆದುಹೋಗುತ್ತೆ. ಸೋಡಾ ಕುಡಿಸೋದು, ಜೀರಿಗೆ ನೀರು ಕೊಡೋದು, ಎದೆಗೆ ಮುಲಾಮು ತಿಕ್ಕೋದು, ಮೆಡಿಕಲ್ ಸ್ಟೋರಿನಿಂದ ಗ್ಯಾಸ್ ಮಾತ್ರೆ ತರೋದು. ಇಷ್ಟರಲ್ಲಿ ಎರಡು ಗಂಟೆ ಹೋಗಿರುತ್ತೆ. ಈ ಲಕ್ಷಣ ಕಂಡರೆ ಕಾಯಬೇಡಿ:

- ಎದೆ ಮಧ್ಯೆ ಕಲ್ಲು ಇಟ್ಟಂತೆ ಭಾರ, ಹಿಂಡಿದಂತೆ ನೋವು, ಉರಿ. ಸ್ವಲ್ಪ ಹೊತ್ತು ಕೂತರೂ ಕಮ್ಮಿಯಾಗದೆ ಇರೋದು
- ನೋವು ಎಡಗೈ, ಎರಡೂ ಕೈ, ಭುಜ, ಕುತ್ತಿಗೆ, ದವಡೆ, ಬೆನ್ನಿಗೆ ಹರಡೋದು
- ತಣ್ಣನೆ ಬೆವರು, ವಾಂತಿ ಬಂದಂತೆ ಆಗೋದು, ತಲೆಸುತ್ತು
- ಉಸಿರು ಕಟ್ಟಿದಂತೆ ಆಗೋದು

ಹೆಂಗಸರಿಗೆ, ವಯಸ್ಸಾದವರಿಗೆ, ಶುಗರ್ ಇರುವವರಿಗೆ ಎದೆನೋವು ಜೋರಾಗಿ ಬರದೆಯೂ ಇರಬಹುದು. ಬರೀ ಸುಸ್ತು, ಬೆವರು, ಉಸಿರಾಟದ ತೊಂದರೆ, ಹೊಟ್ಟೆ ಮೇಲ್ಭಾಗದಲ್ಲಿ ನೋವು ಅಷ್ಟೇ ಕಾಣಿಸಬಹುದು. ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋಕೆ ಆಗಲ್ಲ. ಇಸಿಜಿ ತೆಗೆಸಲೇಬೇಕು. ಗ್ಯಾಸ್ ಅಂತ ಗೊತ್ತಾದರೆ ನಗುತ್ತಾ ಮನೆಗೆ ಬರಬಹುದು. ನಾಚಿಕೆ ಪಡುವಂಥದ್ದು ಏನಿಲ್ಲ.

ಒಂದು ವಿಷಯ ಗಮನಿಸಿ. ಮೊದಲ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ. ನೋವು ಇದ್ದರೆ ಸ್ವಲ್ಪ ಹೊತ್ತಿನ ನಂತರ ಮತ್ತೆ ಇಸಿಜಿ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಬೇಕಾಗುತ್ತೆ. ಡಾಕ್ಟರು ಇರಿ ಅಂದರೆ ಇರಿ.

ತಾಲ್ಲೂಕು ಆಸ್ಪತ್ರೆ ದಾಟಿ ಹೋಗೋದು ಯಾಕೆ ತಪ್ಪು?

ಕಾರು ಸಿಕ್ಕಿದ ತಕ್ಷಣ "ನೇರ ಮೈಸೂರಿಗೇ ಹೋಗೋಣ" ಅನ್ನೋದು ನಮ್ಮ ಕಡೆಯ ಅಭ್ಯಾಸ. ಲೆಕ್ಕ ಹಾಕಿ ನೋಡಿ. ಹಾಸನದಿಂದ ಮೈಸೂರು ಸುಮಾರು 120 ಕಿ.ಮೀ. ಹೊಳೆನರಸೀಪುರದಿಂದ ಹೊರಟರೂ 80 ಕಿ.ಮೀ. ದಾಟುತ್ತದೆ. ಚನ್ನರಾಯಪಟ್ಟಣದಿಂದ ಬೆಂಗಳೂರು ಸುಮಾರು 145 ಕಿ.ಮೀ. ಅರಕಲಗೂಡು ಮತ್ತು ಹೊಳೆನರಸೀಪುರದಿಂದ ಹಾಸನಕ್ಕೆ 30 ಕಿ.ಮೀ. ಆಸುಪಾಸು, ಚನ್ನರಾಯಪಟ್ಟಣದಿಂದ ಹತ್ತತ್ತಿರ 40. ಕೊಣನೂರು, ರಾಮನಾಥಪುರ, ಹಳ್ಳಿಮೈಸೂರು, ನುಗ್ಗೇಹಳ್ಳಿ ಕಡೆಯವರಿಗೆ ಮೊದಲು ತಾಲ್ಲೂಕು ಕೇಂದ್ರ ಮುಟ್ಟೋದೇ ಒಂದು ಪ್ರಯಾಣ.

ದಾರಿಯಲ್ಲಿ ಹೃದಯದ ಬಡಿತ ತಪ್ಪಿದರೆ ಕಾರಲ್ಲಿ ಶಾಕ್ ಕೊಡುವ ಯಂತ್ರ ಇರಲ್ಲ, ಆಕ್ಸಿಜನ್ ಇರಲ್ಲ, ಡಾಕ್ಟರೂ ಇರಲ್ಲ.

ಇದಕ್ಕೇ ಅಂತ ರಾಜ್ಯ ಸರ್ಕಾರ ನಟ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ "ಹೃದಯ ಜ್ಯೋತಿ" ಯೋಜನೆ ತಂದಿದೆ. ಪುನೀತ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೃದಯದ ತೊಂದರೆಯಿಂದ ತೀರಿಕೊಂಡಿದ್ದು ಎಲ್ಲರಿಗೂ ನೆನಪಿದೆ. ಯೋಜನೆ ಕೆಲಸ ಮಾಡೋದು ಹೀಗೆ: ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಅಲ್ಲಿಂದಲೇ ಹೃದಯ ತಜ್ಞರಿಗೆ ಕಳಿಸುತ್ತಾರೆ. ಅವರು ನೋಡಿ ದೊಡ್ಡ ಅಟ್ಯಾಕ್ ಅಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದಕ್ಕೆ ಸಾವಿರಾರು ರೂಪಾಯಿ ಬೇಕು. ಆಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಆಂಜಿಯೋಗ್ರಾಂ, ಸ್ಟೆಂಟ್ ಎಲ್ಲಾ ಅಲ್ಲಿ. ಯೋಜನೆಯನ್ನು ಎಲ್ಲಾ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು.

ಇಂಜೆಕ್ಷನ್ ಎಲ್ಲರಿಗೂ ಆಗಲ್ಲ. ಇತ್ತೀಚೆಗೆ ಆಪರೇಷನ್ ಆದವರು, ಸ್ಟ್ರೋಕ್ ಆದವರು, ರಕ್ತಸ್ರಾವದ ತೊಂದರೆ ಇರುವವರಿಗೆ ಅಪಾಯ. ಹಾಗಾಗಿ ಇರುವ ಕಾಯಿಲೆ, ನುಂಗುತ್ತಿರುವ ಮಾತ್ರೆ ಯಾವುದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು.

ಹಾಸನ ನಗರ ಮತ್ತು ಸುತ್ತಲಿನವರಿಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್ ಇದೆ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ ಇದೆ. ಹಿರೀಸಾವೆ ಕಡೆಯವರಿಗೆ ಹಾಸನಕ್ಕಿಂತ ಹೆದ್ದಾರಿಯಲ್ಲೇ ಮುಂದೆ ಸಿಗುವ, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ.

ಆಂಬುಲೆನ್ಸ್ ಬರೋವರೆಗೆ

108ಕ್ಕೆ ಫೋನ್ ಮಾಡಿ. ಈ ಸೇವೆ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಊರಿನ ಹೆಸರಿನ ಜೊತೆ ಹೋಬಳಿ, ಹತ್ತಿರದ ಗೇಟು, ಶಾಲೆ ಅಥವಾ ದೇವಸ್ಥಾನದ ಗುರುತು ಹೇಳಿ. ಒಂದೇ ಹೆಸರಿನ ಊರುಗಳು ಜಿಲ್ಲೆಯಲ್ಲಿ ಬಹಳ ಇವೆ. ಒಬ್ಬರು ರಸ್ತೆಗೆ ಬಂದು ನಿಂತಿರಲಿ. ತಡವಾಗುತ್ತೆ ಅಂತ ಗೊತ್ತಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ರೋಗಿಯನ್ನು ಮಾತ್ರ ಬೈಕ್ ಮೇಲೆ ಕೂರಿಸಬೇಡಿ, ಗಾಡಿ ಓಡಿಸೋಕೂ ಬಿಡಬೇಡಿ, ಮೆಟ್ಟಿಲು ಹತ್ತಿಸಬೇಡಿ. ಫೋನಿನಲ್ಲಿ ವೈದ್ಯರು ಅಥವಾ ಸಿಬ್ಬಂದಿ ಹೇಳಿದರೆ ಆಸ್ಪಿರಿನ್ ಮಾತ್ರೆ ಜಗಿದು ನುಂಗಿಸಬಹುದು. ಅಲರ್ಜಿ, ರಕ್ತಸ್ರಾವ ಇದ್ದವರಿಗೆ ಬೇಡ.

ಕುಸಿದು ಬಿದ್ದು, ಕರೆದರೂ ಮಾತಾಡದೆ, ಉಸಿರು ಸರಿಯಾಗಿ ಆಡದೆ ಇದ್ದರೆ ಹೃದಯ ನಿಂತಿದೆ ಅಂತಲೇ ತಿಳಿಯಬೇಕು. ನೀರು ಚಿಮುಕಿಸುತ್ತಾ, ಕೈಗೆ ಕಬ್ಬಿಣ ಕೊಡುತ್ತಾ ಕೂರಬೇಡಿ. ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ಮಧ್ಯೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಿಸದೆ, 5ರಿಂದ 6 ಸೆಂ.ಮೀ. ಕೆಳಗೆ ಹೋಗುವ ಹಾಗೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರೋವರೆಗೆ ನಿಲ್ಲಿಸಬೇಡಿ. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ಇದೇ ಸಿಪಿಆರ್. ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಕಮ್ಮಿಯಾಗುತ್ತಾ ಹೋಗುತ್ತೆ.

ದುಡ್ಡಿನ ಚಿಂತೆ

ಖರ್ಚಿಗೆ ಹೆದರಿ ತಡ ಮಾಡುವವರೂ ಇದ್ದಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋದರೆ ಈ ಪತ್ರದ ಕೆಲಸವೂ ಅಲ್ಲೇ ಮುಗಿಯುತ್ತೆ. ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಒಂದು ಕವರಲ್ಲಿ ಹಾಕಿ ಕೈಗೆ ಸಿಗುವ ಕಡೆ ಇಡಿ.

ಡೇರಿ, ಕೃಷಿ ಪತ್ತಿನ ಸಂಘ ಮುಂತಾದ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. 2018ರಲ್ಲಿ ನಿಂತಿದ್ದ ಇದು 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ಪ್ರತಿ ವರ್ಷ ನೋಂದಣಿಗೆ ಕೊನೆ ದಿನಾಂಕ ಇರುತ್ತೆ. ಸಂಘದ ಕಾರ್ಯದರ್ಶಿಯನ್ನು ಕೇಳಿ, ಕಾರ್ಡ್ ನವೀಕರಣ ಆಗಿದೆಯಾ ನೋಡಿಕೊಳ್ಳಿ.

ಊರು ಮಾಡಬಹುದಾದ ಕೆಲಸ

30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಮಾತ್ರೆಯೂ ಉಚಿತ. ಆಶಾ ಕಾರ್ಯಕರ್ತೆ ಮನೆಗೆ ಬಂದು "ಬಿಪಿ ನೋಡಿಸಿದ್ರಾ?" ಅಂದಾಗ "ನಂಗೇನಾಗಿದೆ" ಅಂತ ಕಳಿಸಬೇಡಿ. ಮಾತ್ರೆ ಶುರು ಮಾಡಿದ ಮೇಲೆ ಬಿಪಿ ನಾರ್ಮಲ್ ಬಂತು ಅಂತ ಬಿಡಬೇಡಿ, ಅದು ನಾರ್ಮಲ್ ಆಗಿರೋದೇ ಮಾತ್ರೆಯಿಂದ.

ಬೆಳಿಗ್ಗೆ ಸಂಜೆ ಊರೆಲ್ಲಾ ಸೇರುವ ಜಾಗ ಹಾಲಿನ ಡೇರಿ. ಅಲ್ಲೇ ತಿಂಗಳಿಗೊಮ್ಮೆ ಬಿಪಿ ನೋಡುವ ವ್ಯವಸ್ಥೆ ಮಾಡಿಕೊಡಿ ಅಂತ ಆರೋಗ್ಯ ಕೇಂದ್ರಕ್ಕೆ ಸಂಘದವರು ಪತ್ರ ಕೊಡಬಹುದು. ಆಟೋ ಸ್ಟ್ಯಾಂಡ್, ವರ್ತಕರ ಸಂಘ, ಸ್ತ್ರೀಶಕ್ತಿ ಗುಂಪುಗಳೂ ಕೇಳಬಹುದು. ಸಿಪಿಆರ್ ಕಲಿಯೋಕೆ ಅರ್ಧ ದಿನ ಸಾಕು.

ಇನ್ನೊಂದು ಕೆಲಸ ಈ ವಾರವೇ ಮಾಡಿ. ತಾಲ್ಲೂಕು ಆಸ್ಪತ್ರೆ ಕಡೆ ಹೋದಾಗ ಎರಡು ಪ್ರಶ್ನೆ ಕೇಳಿ ಬನ್ನಿ: ರಾತ್ರಿ ಹೊತ್ತು ಇಸಿಜಿ ತೆಗೆಯುವವರು ಇರ್ತಾರಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕ್ ಇದೆಯಾ? ಉತ್ತರ "ಇಲ್ಲ" ಅಂದರೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಎದೆನೋವು ಬಂದ ರಾತ್ರಿ ಕೇಳೋದಕ್ಕಿಂತ ಇವತ್ತು ಕೇಳೋದು ವಾಸಿ.

ಗೋಡೆ ಮೇಲೆ ಬರೆದಿಡಿ

- ಆಂಬುಲೆನ್ಸ್: 108
- ಆರೋಗ್ಯ ಸಹಾಯವಾಣಿ, ಮಾಹಿತಿ ಮತ್ತು ದೂರು: 104
- ಮನಸ್ಸಿನ ತೊಂದರೆ, ಭಯ, ಆತಂಕಕ್ಕೆ ಟೆಲಿ ಮಾನಸ್: 14416
- ನಿಮ್ಮ ತಾಲ್ಲೂಕು ಆಸ್ಪತ್ರೆ, ನಿಮ್ಮ ಆಶಾ ಕಾರ್ಯಕರ್ತೆ, ಊರಲ್ಲಿ ರಾತ್ರಿ ಕರೆದರೆ ಬರುವ ಕಾರಿನವರ ನಂಬರ್: ನೀವೇ ಕೇಳಿ ಬರೆದುಕೊಳ್ಳಿ