ಹಾವೇರಿ ಸೀಮೆಯಲ್ಲಿ ತಂತ್ರಜ್ಞಾನ ವಾದ

ತಂತ್ರಜ್ಞಾನ ಮನುಷ್ಯರ ಬಾಳನ್ನು ಹಸನು ಮಾಡುತ್ತದೆಯೇ, ಕೆಡಿಸುತ್ತದೆಯೇ ಎಂಬ ಬಗ್ಗೆ ಕನ್ನಡ ಬರಹಗಾರರು ನಡೆಸಿದ ವಾದದಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರ ಮತ್ತು ಹಿರೇಕೆರೂರ ತಾಲ್ಲೂಕುಗಳಿಗೆ ಸೇರಿದ ಭಾಗ ಈ ಲೇಖನದ ವಿಷಯ. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಈ ವಾದದ ಬಹುಮುಖ್ಯ ಘಟನೆ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರಲ್ಲಿ ನಡೆದ ಸತ್ಯಾಗ್ರಹ. ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟಕ್ಕೆ ಸಿಕ್ಕಷ್ಟು ಗಮನ ಅದಕ್ಕೆ ಸಿಕ್ಕಿಲ್ಲ.

ಪೂರ್ವಪೀಠಿಕೆ

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಹತ್ತಿ ಗಿರಣಿ ಮತ್ತು ರೈಲು ಈ ನಾಡಿಗೆ ಕಾಲಿಟ್ಟ ಕಾಲದವರು. ಗಿರಣಿಯನ್ನು ಕುರಿತ ಒಂದು ತತ್ತ್ವಪದ ಅವರ ಹೆಸರಿನಲ್ಲಿ ಹಾಡಿಕೆಯಲ್ಲಿದೆ. ಹುಬ್ಬಳ್ಳಿಯ ಗಿರಣಿ ಕಂಡು ಕಟ್ಟಿದ್ದೆಂಬ ಮಾತು ರೂಢಿಯಲ್ಲಿದೆ. ಅದನ್ನು ಯಂತ್ರವಿರೋಧದ ಪದವೆಂದು ಓದುವುದು ಸರಿಯಾಗಲಾರದು. ಹೊಸ ಯಂತ್ರವನ್ನು ಬೆರಗಿನಿಂದ ನೋಡಿ, ಅದರಲ್ಲಿ ದೇಹದ ಮತ್ತು ಸಾಧನೆಯ ರೂಪಕ ಕಂಡುಕೊಳ್ಳುವುದು ತತ್ತ್ವಪದದ ದಾರಿ. ಸವಣೂರಿನಲ್ಲಿ ಹುಟ್ಟಿದ ಕವಿ ವಿ.ಕೃ. ಗೋಕಾಕರು (1909–1992) ಅರವಿಂದರ ವಿಚಾರಕ್ಕೆ ಒಲಿದವರು. ಮನುಷ್ಯನ ವಿಕಾಸ ಇನ್ನೂ ಮುಗಿದಿಲ್ಲ, ಅದು ಪ್ರಜ್ಞೆಯಲ್ಲಿ ಮುಂದುವರಿಯಬೇಕು ಎಂಬುದು ಆ ವಿಚಾರದ ತಿರುಳು. ಆ ನೋಟದಲ್ಲಿ ಯಂತ್ರದ ಪ್ರಶ್ನೆ ಎರಡನೆಯದು.

ಕುಸನೂರು ಸತ್ಯಾಗ್ರಹ

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೆಲೆಯೂರಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಕಟ್ಟಿಗೆಯಿಂದ ತೆಗೆಯುವುದು ಅದರ ಕೆಲಸ. ಈ ತಂತ್ರವನ್ನು ತಿಳಿಯದೆ ವಿವಾದ ಅರ್ಥವಾಗದು. ಮರದಲ್ಲಿ ಸರಿಸುಮಾರು ಅರ್ಧದಷ್ಟು ಮಾತ್ರ ಸೆಲ್ಯುಲೋಸ್ ಇರುತ್ತದೆ. ಎಳೆಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ಉಳಿದ ಭಾಗದ ಬಹುಪಾಲು. ಕಾಗದಕ್ಕೆ ಹೆಮಿಸೆಲ್ಯುಲೋಸ್ ಸ್ವಲ್ಪ ಉಳಿದರೂ ನಡೆಯುತ್ತದೆ, ರೇಯಾನಿಗೆ ನಡೆಯದು. ಆದ್ದರಿಂದ ಚಕ್ಕೆ ಮಾಡಿದ ಕಟ್ಟಿಗೆಯನ್ನು ಮೊದಲು ಬಿಸಿನೀರು, ಹಬೆಯಲ್ಲಿ ಹದಗೊಳಿಸಿ, ಆಮೇಲೆ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಒತ್ತಡದಡಿ ಬೇಯಿಸುತ್ತಾರೆ. ಬೆಂದ ಮೇಲೆ ಉಳಿಯುವ ಕಪ್ಪು ದ್ರಾವಣವನ್ನು ಸುಟ್ಟು ರಾಸಾಯನಿಕಗಳನ್ನು ಮರಳಿ ಪಡೆಯಬಹುದು. ಆದರೆ ತೊಳೆಯುವ, ಬಿಳುಪಾಗಿಸುವ ಹಂತಗಳ ನೀರು ಹೊರಗೆ ಹೋಗಲೇಬೇಕು. ಬಿಳುಪಿಗೆ ಕ್ಲೋರಿನ್ ಬಳಸುತ್ತಿದ್ದ ಆ ಕಾಲದಲ್ಲಿ ಈ ನೀರಿನ ಬಣ್ಣವನ್ನೂ ವಿಷವನ್ನೂ ತೆಗೆಯುವುದು ಕಷ್ಟದ ಕೆಲಸವಾಗಿತ್ತು. ಹೊಳೆಯ ನೀರು ಕೆಟ್ಟಿತು, ಮೀನು ಸತ್ತವು ಎಂದು ಕೆಳದಂಡೆಯ ಊರುಗಳು ದೂರಿದವು.

ಈ ತಂತ್ರಕ್ಕೆ ಬೇಗ ಬೆಳೆಯುವ ಮರ ಬೇಕು. ನೀಲಗಿರಿ ಬೆಳೆಸಲೆಂದು ಸರ್ಕಾರ ಮತ್ತು ಕಂಪನಿ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಹುಟ್ಟುಹಾಕಿದವು. ಸರ್ಕಾರದ ಪಾಲು ಶೇ. 51, ಕಂಪನಿಯದು ಶೇ. 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಬಳ್ಳಾರಿ ಜಿಲ್ಲೆಗಳ ಸುಮಾರು 75,000 ಎಕರೆ ನೆಲವನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. ಸರ್ಕಾರಿ ದಾಖಲೆಯಲ್ಲಿ ‘ಸಿ’ ಮತ್ತು ‘ಡಿ’ ವರ್ಗದ ಹಾಳು ಭೂಮಿಯೆನಿಸಿದ್ದ ಆ ನೆಲ ಊರಿನವರಿಗೆ ದನ ಮೇಯುವ, ಉರುವಲು ಆರಿಸುವ, ಮೇವು ಕೊಯ್ಯುವ ಜಾಗವಾಗಿತ್ತು. ನೀಲಗಿರಿ ಎಲೆಯನ್ನು ದನ ಮುಟ್ಟುವುದಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಹಸ್ತಾಂತರವನ್ನು ವಿರೋಧಿಸಿತು. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕಾದಂಬರಿಕಾರ ಕೋಟ ಶಿವರಾಮ ಕಾರಂತರ ಹೆಸರು ಮುಂದಿತ್ತು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಸುಮಾರು 2,000 ಜನ ಕುಸನೂರಿನಲ್ಲಿ ಸೇರಿ ನೂರರಷ್ಟು ನೀಲಗಿರಿ ಸಸಿ ಕಿತ್ತರು. ಕಿತ್ತಲ್ಲೇ ಹಣ್ಣು, ಮೇವು ಕೊಡುವ ಊರಿನ ಜಾತಿಯ ಗಿಡಗಳನ್ನು ಹಚ್ಚಿ ನೀರೆರೆದರು. ಇದಕ್ಕೆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಎಂಬ ಹೆಸರು ಬಿತ್ತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರೂ ನೀಲಗಿರಿ ಸಸಿ ಕಿತ್ತಿದ್ದರು. ಕಿತ್ತ ಜಾಗಕ್ಕೆ ಬೇಕಾದ ಗಿಡ ನೆಟ್ಟದ್ದು ಕುಸನೂರಿನ ಹೆಚ್ಚುಗಾರಿಕೆ. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು. ಅದಕ್ಕೆ ಕೋರ್ಟು, ಜನರ ಒತ್ತಡ, ಸಂಸದರ ಮನವಿ ಎಲ್ಲವೂ ಸೇರಿ ಕಾರಣವಾದವು. ಯಾವುದರ ಪಾಲು ಎಷ್ಟೆಂದು ಅಳೆಯುವುದು ಸುಲಭವಲ್ಲ.

ಕಾರಂತರ ನಿಲುವು

ಕಾರಂತರು (1902–1997) ವಿಜ್ಞಾನದ ವಿರೋಧಿಯೆಂಬ ಟೀಕೆ ನಿಲ್ಲುವುದಿಲ್ಲ. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದು ಕನ್ನಡ ಓದುಗರಿಗೆ ವಿಜ್ಞಾನವನ್ನು ತಲುಪಿಸಿದವರು ಅವರೇ. ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಕೈಗಾ ವಾದದ ಎದುರು ಬದಿಯಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ರಾಜಾ ರಾಮಣ್ಣ ಇದ್ದರು. ವಿದ್ಯುತ್ತಿಲ್ಲದೆ ಬಡತನ ನೀಗದೆಂಬ ಆ ಬದಿಯ ವಾದವೂ ಹಗುರವಾದುದಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನೆಲ ಯಾರದು, ಲಾಭ ಯಾರಿಗೆ, ಕೇಡು ಯಾರ ಪಾಲಿಗೆ ಎಂದು ನೇರವಾಗಿ ಕೇಳಿದ್ದು ಕುಸನೂರಿನ ವಾದ. ಆ ಕಾರಣಕ್ಕೆ ಅದು ಕೈಗಾ ವಾದಕ್ಕಿಂತ ಹೆಚ್ಚು ಗಟ್ಟಿಯಾದುದು.

ಬೀಜದ ಪ್ರಶ್ನೆ

ಹಿರೇಕೆರೂರ ಮತ್ತು ಪಕ್ಕದ ರಾಣೆಬೆನ್ನೂರ ಕಡೆ ಬೀಜೋತ್ಪಾದನೆ ರೈತರ ದುಡಿಮೆಯ ಭಾಗವಾಗಿದೆ. 2002ರಲ್ಲಿ ಕುಲಾಂತರಿ ಬೆಳೆಯಾದ ಬಿಟಿ ಹತ್ತಿಗೆ ಒಪ್ಪಿಗೆ ದೊರೆತ ಮೇಲೆ ಜಿಲ್ಲೆಯ ರೈತರು ಅದನ್ನು ವ್ಯಾಪಕವಾಗಿ ಬಿತ್ತಿದರು. ನಾಗೇಶ ಹೆಗಡೆಯವರಂತಹ ವಿಜ್ಞಾನ ಬರಹಗಾರರು ಕುಲಾಂತರಿ ಬೆಳೆಗಳ ಅಪಾಯ ಕುರಿತು ಕನ್ನಡ ಪತ್ರಿಕೆಗಳಲ್ಲಿ ಬರೆದರು. ರೈತರು ಒಪ್ಪಿಕೊಂಡದ್ದನ್ನು ಬರಹಗಾರರು ಪ್ರಶ್ನಿಸಿದ ಈ ಪ್ರಸಂಗ ಕುಸನೂರಿಗಿಂತ ತೀರ ಬೇರೆ. ಇನ್ನೊಂದು ಕುಲಾಂತರಿ ಬೆಳೆಯಾದ ಬಿಟಿ ಬದನೆ ಕುರಿತ ಸಾರ್ವಜನಿಕ ಸಭೆಗಳಲ್ಲಿ ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ಮೂರು ದಿನಗಳ ನಂತರ ಕೇಂದ್ರ ಪರಿಸರ ಸಚಿವರು ಆ ಬೆಳೆಗೆ ತಡೆ ಹಾಕಿದರು.